ಇಸ್ತ್ರಿ ಅಜ್ಜಿಯ ಬೀಪಿ

ಇಸ್ತ್ರಿ ಅಜ್ಜಿ ಕುಸಿದು ಬಿದ್ದದ್ದು ಬೇರೆಯವರ ಬಟ್ಟೆಯ ಮೇಲೆ. ಎದುರಿನ ಲಾಡ್ಜಿನಿಂದ ಬಂದಿದ್ದ ಹೊದಿಕೆಗಳ ಗಂಟನ್ನು ಆಗಷ್ಟೇ ಬಿಚ್ಚಿ ನೆಲದ ಮೇಲೆ ಹರಡಿದ್ದಳು. ಅದರ ಮೇಲೆ ಮಧ್ಯಾಹ್ನದ ನಿದ್ದೆಗೆ ಒರಗಿದ ಹಾಗೆ ಮೆತ್ತಗೆ ಒರಗಿದಳು. ಮೂಳೆ ಮುರಿಯಲಿಲ್ಲ, ಹಲ್ಲು ಉದುರಲಿಲ್ಲ. ಉದುರಲಿಕ್ಕೆ ಉಳಿದಿದ್ದವೂ ಅಷ್ಟಕ್ಕಷ್ಟೇ, ಆ ಮಾತು ಬೇರೆ. ಬೀದಿಯವರು ಆಮೇಲೆ ಹೇಳಿ ಹೇಳಿ ನಕ್ಕದ್ದು ಒಂದೇ ವಿಷಯಕ್ಕೆ: ಕಣ್ಣು ಕತ್ತಲೆ ಬರುತ್ತಿದ್ದರೂ ಮುದುಕಿ ಕೈಯಲ್ಲಿದ್ದ ಇದ್ದಿಲು ಪೆಟ್ಟಿಗೆಯನ್ನು ಪಕ್ಕದ ತಗಡಿನ ಮೇಲೆ ಸರಿಯಾಗಿ ಇಟ್ಟು, ಆಮೇಲೆ ಬಿದ್ದಳಂತೆ. ಮೇಜಿನ ಮೇಲಿದ್ದ ಯಾರದೋ ಬಿಳಿ ಅಂಗಿಗೆ ಒಂದು ಕಲೆಯೂ ಆಗಲಿಲ್ಲ. ಸ್ಟಂಟ್ ಅಂದರೆ ಅದು.

ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದು ಮೂರೇ ಮಾತು. ಬೀಪಿ ಜಾಸ್ತಿ ಇದೆ, ಉಪ್ಪು ಕಡಿಮೆ ಮಾಡಿ, ಟೆನ್ಷನ್ ಬೇಡ. ಮೂರು ಮಾತು ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಮರಿ ಹಾಕಿದ್ದವು.

"ಇವತ್ತಿಂದ ನೀನು ಮೆಟ್ಟಿಲು ಇಳಿಯೋ ಹಾಗಿಲ್ಲ," ಎಂದ ಮಗ. ಅವನು ಸಿಟಿ ಬಸ್ಸಿನ ಡ್ರೈವರ್. ಮಾತೂ ಬಸ್ಸಿನೊಳಗೆ ಬರೆದ ಬೋರ್ಡಿನ ಹಾಗೇ ಇರುತ್ತಿತ್ತು. "ಪೆಟ್ಟಿಗೆ ಮುಟ್ಟೋ ಹಾಗಿಲ್ಲ. ಅಡುಗೆಮನೆಗೆ ಬರೋ ಹಾಗಿಲ್ಲ. ಕೂಗಾಡೋ ಹಾಗಿಲ್ಲ."

"ಉಸಿರಾಡಬಹುದಾ?"

"ಅಮ್ಮಾ, ತಮಾಷೆ ಅಲ್ಲ ಇದು."

"ತಮಾಷೆನೂ ಮಾಡೋ ಹಾಗಿಲ್ಲ, ಅದನ್ನೂ ಸೇರಿಸ್ಕೊಳ್ಳೇ," ಎಂದು ಅಜ್ಜಿ ಮೊಮ್ಮಗಳ ಕಡೆ ನೋಡಿದಳು.

ಕಾಲೇಜು ಓದುವ ಮೊಮ್ಮಗಳಿಗೆ ಬೀದಿಯವರು ಇಟ್ಟ ಹೆಸರು ಪಿಕ್ಚರ್. ಬಾಯಿ ತೆಗೆದರೆ ಸಿನಿಮಾ ಡೈಲಾಗು, ಬಾಯಿ ಮುಚ್ಚಿದರೆ ಹಿನ್ನೆಲೆ ಸಂಗೀತ. ಆದರೆ ಆ ದಿನ ಅವಳೂ ನಗಲಿಲ್ಲ. ಕೊನೆಯ ನಿಯಮ ಹೇಳಿದ್ದು ಸೊಸೆ. ಔಷಧಿ ಅಂಗಡಿಯಲ್ಲಿ ಬಿಳಿ ಕೋಟು ಹಾಕಿಕೊಂಡು ಮಾತ್ರೆ ಎಣಿಸಿ ಕೊಡುವ ಕೆಲಸ ಅವಳದು, ಹಾಗಾಗಿ ಮನೆಯಲ್ಲಿ ಅರ್ಧ ಡಾಕ್ಟರು ಅವಳೇ.

"ಆ ಬ್ಯಾಂಡ್ ತಾತ ಈ ಕಡೆ ತಲೆ ಹಾಕೋ ಹಾಗಿಲ್ಲ ಅತ್ತೆ. ಅವರು ಬಂದ್ರೆ ನೀವಿಬ್ಬರೂ ಕಿತ್ತಾಡೋದು ಮೂರು ಬೀದಿಗೆ ಕೇಳುತ್ತೆ. ಬೀಪಿ ಏರದೆ ಇನ್ನೇನು ಆಗುತ್ತೆ?"

ಅಜ್ಜಿ ಏನೋ ಹೇಳಲು ಹೋಗಿ ಸೊಸೆಯ ಕೈ ನೋಡಿದಳು. ಅವಳು ಅದೇ ಮಾತ್ರೆಯ ಪಟ್ಟಿಯನ್ನು ಮೂರನೇ ಸಲ ಎಣಿಸುತ್ತಿದ್ದಳು.

ಇಸ್ತ್ರಿ ಮೇಜು ಇದ್ದದ್ದು ಮನೆಯ ಕೆಳಗೆ, ಬೀದಿಗೆ ತೆರೆದ ಮೆಟ್ಟಿಲ ಮೂಲೆಯಲ್ಲಿ. ಮನೆ ಮಹಡಿಯ ಮೇಲೆ. ನಡುವಿನ ಮೆಟ್ಟಿಲು ನಾಲ್ಕು ಮಾತಾಡುವಷ್ಟು ಹೊತ್ತಿನ ದಾರಿ. ಈಗ ಕೆಳಗಿನ ಮೂಲೆ ಬೇರೆ ಊರಾಗಿಬಿಟ್ಟಿತು.

ಆ ಮೇಜಿನ ಮುಂದೆ ನಿಂತು ಜನ ಏನೇನು ಹೇಳಿಕೊಂಡಿದ್ದರು ಎಂಬುದಕ್ಕೆ ಲೆಕ್ಕವಿಲ್ಲ. ಕೆಲಸ ಬಿಟ್ಟದ್ದನ್ನು ಹೆಂಡತಿಗೂ ಹೇಳದವನು ಅಜ್ಜಿಗೆ ಹೇಳಿದ್ದ. ಮದುವೆಗೆ ಮನಸ್ಸಿಲ್ಲದ ಹುಡುಗಿ ಅಪ್ಪನ ಪ್ಯಾಂಟು ಇಸ್ತ್ರಿಗೆ ಕೊಡುವ ನೆಪದಲ್ಲಿ ಬಂದು ಅತ್ತಿದ್ದಳು. ಅಜ್ಜಿ ಬುದ್ಧಿ ಹೇಳಿದವಳೇ ಅಲ್ಲ. ಅವಳ ಕಣ್ಣು ಬಟ್ಟೆಯ ಮೇಲಿರುತ್ತಿತ್ತು, ಕೈ ಓಡಾಡುತ್ತಿತ್ತು, "ಹೂಂ... ಆಮೇಲೆ?" ಅನ್ನುತ್ತಿದ್ದಳು, ಅಷ್ಟೇ. ಮುಖ ನೋಡುತ್ತಾ ಕೂತರೆ ಮನುಷ್ಯರಿಗೆ ಗಂಟಲು ಕಟ್ಟುತ್ತದೆ. ಕಾಲರ್ ನೋಡುತ್ತಾ ನಿಂತರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಇದು ಅಜ್ಜಿಗೆ ಗೊತ್ತಿತ್ತು. ಮಹಡಿಯ ಮೇಲಿದ್ದವರಿಗೆ ಗೊತ್ತಿರಲಿಲ್ಲ.

*

ಬೀಪಿ ನೋಡುವ ಯಂತ್ರ ಮನೆಗೆ ಬಂದ ಮೇಲೆ ಬೆಳಗಿನ ತಿಂಡಿಗೆ ಮುಂಚೆ ದಿನಾ ಒಂದು ಪ್ರದರ್ಶನ ಶುರುವಾಯಿತು. ಅಜ್ಜಿ ನಡುಮನೆಯ ಕುರ್ಚಿಯಲ್ಲಿ ಕೂರಬೇಕು. ಸೊಸೆ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಬೇಕು. ಮಗ ಹಿಂದಿನಿಂದ ಬಗ್ಗಿ, ಬಸ್ಸನ್ನು ರಿವರ್ಸ್ ತೆಗೆಯುವವನ ಹಾಗೆ ಕತ್ತು ಉದ್ದ ಮಾಡಿ ನೋಡಬೇಕು. ಪಿಕ್ಚರ್ ಹಲ್ಲುಜ್ಜುವ ಬ್ರಷ್ಷನ್ನೇ ಮೈಕು ಮಾಡಿಕೊಂಡು ಕಾಮೆಂಟರಿ ಹೇಳಬೇಕು.

"ಪಟ್ಟಿ ಊದ್ತಾ ಇದೆ... ಊದ್ತಾ ಇದೆ... ಪ್ರೇಕ್ಷಕರೆಲ್ಲ ಉಸಿರು ಬಿಗಿ ಹಿಡಿದಿದ್ದಾರೆ..."

"ಸುಮ್ನಿರೇ!" ಎಂದು ಅಪ್ಪ ಪಿಸುಗುಟ್ಟುತ್ತಿದ್ದ.

ಯಂತ್ರ ಗುರ್ರೆಂದು, ಆಮೇಲೆ ಉಸ್ಸೆಂದು, ಒಂದು ಸಂಖ್ಯೆ ತೋರಿಸುತ್ತಿತ್ತು. ಮೂರು ಮುಖಗಳೂ ಒಟ್ಟಿಗೆ ಬಾಡುತ್ತಿದ್ದವು. ಯಾರೂ ಏನೂ ಹೇಳುತ್ತಿರಲಿಲ್ಲ. ಅಜ್ಜಿಯ ಮುಂದೆ ಕೆಟ್ಟ ಸುದ್ದಿ ಹೇಳಬಾರದು ಎಂಬುದೂ ನಿಯಮವೇ ಅಲ್ಲವೇ? ಹಾಗಾಗಿ ಸೊಸೆ "ಪರವಾಗಿಲ್ಲ ಅತ್ತೆ" ಎನ್ನುತ್ತಿದ್ದಳು, ಸಾವಿನ ಮನೆಯಲ್ಲಿ ಚಹಾ ಕೊಡುವವರ ಧ್ವನಿಯಲ್ಲಿ. ಆಮೇಲೆ ಗಂಡ ಹೆಂಡತಿ ಇಬ್ಬರೂ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು.

ಮೊದಲು ಈ ಮನೆಯಲ್ಲಿ ಜಗಳ ಜಗಳದ ಹಾಗೇ ಇರುತ್ತಿತ್ತು. ಪಾತ್ರೆ ಸದ್ದು ಮಾಡುತ್ತಿತ್ತು, ಬಾಗಿಲು ಬಡಿಯುತ್ತಿತ್ತು, ಅಜ್ಜಿ ನಡುವೆ ನಿಂತು ಇಬ್ಬರಿಗೂ ಬೈಯುತ್ತಿದ್ದಳು, ಊಟದ ಹೊತ್ತಿಗೆ ಎಲ್ಲ ಸರಿಹೋಗುತ್ತಿತ್ತು. ಈಗ ಜಗಳವೂ ಮೂಕಿ ಚಿತ್ರವಾಗಿತ್ತು. ಕೈ ಬೀಸುವುದು ಕಾಣುತ್ತಿತ್ತು, ಹುಬ್ಬು ಹಾರುವುದು ಕಾಣುತ್ತಿತ್ತು, ಧ್ವನಿ ಮಾತ್ರ ಇಲ್ಲ. ಅಜ್ಜಿ ಮಂಚದ ಮೇಲೆ ಕೂತು ಸಂದಿಯಿಂದ ನೋಡುತ್ತಿದ್ದಳು. ನನ್ನ ವಿಷಯವೇ ಇರಬೇಕು ಅಂದುಕೊಳ್ಳುತ್ತಿದ್ದಳು. ಏನೋ ದೊಡ್ಡದೇ ಇರಬೇಕು, ಇಲ್ಲದಿದ್ದರೆ ಇಷ್ಟು ಮೆತ್ತಗೆ ಯಾಕೆ ಕಿತ್ತಾಡುತ್ತಾರೆ?

ಮಾರನೇ ದಿನ ಪಟ್ಟಿ ಕಟ್ಟುವ ಮೊದಲೇ ಅವಳ ಎದೆ ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ಫಲಿತಾಂಶದ ದಿನ ಶಾಲೆಯ ಗೇಟಿನಲ್ಲಿ ನಿಂತ ಹಾಗೆ. ಸಂಖ್ಯೆ ಇನ್ನೂ ಮೇಲೆ.

*

ಕೈ ಸುಮ್ಮನಿರಬೇಕಲ್ಲ. ಎಲ್ಲರೂ ಹೊರಗೆ ಹೋದ ಒಂದು ಮಧ್ಯಾಹ್ನ ಅಜ್ಜಿ ಮನೆಯ ಸಣ್ಣ ಕರೆಂಟಿನ ಇಸ್ತ್ರಿ ಪೆಟ್ಟಿಗೆಯನ್ನು ಕಪಾಟಿನಿಂದ ಇಳಿಸಿದಳು. ಮೊದಲು ದಿಂಬಿನ ಚೀಲಗಳಾದವು. ಆಮೇಲೆ ಕಿಟಕಿಯ ಪರದೆ. ಆಮೇಲೆ ಪಾತ್ರೆ ಒರೆಸುವ ಬಟ್ಟೆ. ಅದೂ ಮುಗಿದ ಮೇಲೆ ದಿನಪತ್ರಿಕೆ. ಕೊನೆಗೆ ಹಗ್ಗದ ಮೇಲಿದ್ದ ಮೊಮ್ಮಗಳ ಜೀನ್ಸ್ ಸಿಕ್ಕಿತು. ಮಂಡಿಯ ಹತ್ತಿರ ಹರಿದಿತ್ತು. ಪಾಪ ಮಗು, ಹರಿದದ್ದು ಹಾಕಿಕೊಂಡು ಓಡಾಡುತ್ತಿದೆ ಅಂತ ಅಜ್ಜಿ ಒಳಗಿನಿಂದ ತೇಪೆ ಹಾಕಿ, ಮೇಲಿನಿಂದ ಕೆಳಗಿನವರೆಗೆ ನೇರ ಮಡಿಕೆಯ ಗೆರೆ ಎಳೆದಿಟ್ಟಳು. ಅದರ ಮೇಲೆ ಬೆರಳು ಇಟ್ಟರೆ ಕೊಯ್ದುಕೊಳ್ಳುವ ಹಾಗಿತ್ತು.

"ಅಜ್ಜೀ!" ಸಂಜೆ ಪಿಕ್ಚರ್ ಜೀನ್ಸನ್ನು ಎತ್ತಿ ಹಿಡಿದು ಕಿರುಚಿದಳು. "ಆ ತೂತಿಗೇ ಕಾಸು ಕೊಟ್ಟಿದ್ದು ನಾನು! ನನ್ನ ಸ್ಟೈಲನ್ನ ಕೊಂದುಬಿಟ್ಯಲ್ಲ! ಇದನ್ನ ಹಾಕ್ಕೊಂಡು ಹೋದ್ರೆ ಪ್ರಿನ್ಸಿಪಾಲ್ರು ಎದ್ದು ನಿಂತು ನಮಸ್ಕಾರ ಹೊಡೀತಾರೆ!"

ಅಜ್ಜಿ ವಾರಗಳಾದ ಮೇಲೆ ಮೊದಲ ಬಾರಿಗೆ ನಕ್ಕಳು. ಆದರೆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಸೊಸೆ ಬಂದು ಪತ್ರಿಕೆಯ ಗರಿಗರಿ ಮಡಿಕೆ ನೋಡಿದಳು, ಇನ್ನೂ ಬೆಚ್ಚಗಿದ್ದ ಪೆಟ್ಟಿಗೆ ಮುಟ್ಟಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಕೈಚೀಲಕ್ಕೆ ಹಾಕಿಕೊಂಡಳು.

ಅಂದಿನಿಂದ ಇಸ್ತ್ರಿಯವಳ ಮನೆಯವರೇ ಸುಕ್ಕು ಬಟ್ಟೆಯಲ್ಲಿ ಓಡಾಡತೊಡಗಿದರು. ಡಿಪೋದ ಸಾಹೇಬರು ಮಗನನ್ನು ಕೇಳಿದರಂತೆ: "ಏನಪ್ಪಾ, ಬಸ್ಸಿನ ಒಳಗೆ ಬಂದ್ಯಾ, ಕೆಳಗೆ ಬಂದ್ಯಾ?" ಸೊಸೆಯ ಬಿಳಿ ಕೋಟು ಉಂಡೆ ಮಾಡಿ ಬಿಸಾಡಿದ ಕಾಗದದ ಹಾಗಿತ್ತು. ಅದನ್ನು ನೋಡಿದಾಗಲೆಲ್ಲ ಅಜ್ಜಿಯ ಬಲಗೈ ತಾನೇ ತಾನಾಗಿ ಒಂದಿಂಚು ಮುಂದೆ ಹೋಗಿ ಹಿಂದೆ ಬರುತ್ತಿತ್ತು.

ಉಪ್ಪಿಲ್ಲದ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಜ್ಜಿ ಅನ್ನವನ್ನು ತಟ್ಟೆಯ ಈ ದಡದಿಂದ ಆ ದಡಕ್ಕೆ ಸಾಗಿಸಿ ಏಳುತ್ತಿದ್ದಳು. ಎರಡನೇ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಹಣೆ ಉಜ್ಜಿಕೊಂಡು ಮಾತ್ರೆ ಹೆಚ್ಚು ಮಾಡಿದರು, ಮುಂದಿನ ವಾರ ಮತ್ತೆ ಬನ್ನಿ ಎಂದರು. ವಾಪಸು ಬರುವಾಗ ಮೆಟ್ಟಿಲ ಮೂಲೆಯಲ್ಲಿ ಮೇಜಿನ ಮೇಲೆ ಯಾರೋ ಸ್ಕೂಟರಿನ ಹೆಲ್ಮೆಟ್ ಇಟ್ಟು ಹೋಗಿದ್ದರು. ಅಜ್ಜಿ ಅದನ್ನು ಎತ್ತಿ ಕೆಳಗಿಟ್ಟಳು.

"ಅದನ್ನೆಲ್ಲ ತಲೆಗೆ ಹಚ್ಕೋಬೇಡ," ಎಂದ ಮಗ. ಆಮೇಲೆ ಗಂಟಲು ಸರಿ ಮಾಡಿಕೊಂಡ. "ಗುಜರಿಯವನಿಗೆ ಹೇಳಿದೀನಿ ಅಮ್ಮ. ಮುಂದಿನ ಸಲವೂ ಬೀಪಿ ಇಳೀಲಿಲ್ಲ ಅಂದ್ರೆ ಭಾನುವಾರ ಬಂದು ಮೇಜು ಎತ್ಕೊಂಡು ಹೋಗ್ತಾನೆ. ಕಣ್ಣೆದುರಿಗೆ ಇದ್ರೆ ತಾನೇ ನಿನಗೆ ಅದರ ಯೋಚನೆ?"

ಅಜ್ಜಿ ಮೇಜಿನ ಅಂಚನ್ನು ಹಿಡಿದುಕೊಂಡು ನಿಂತಿದ್ದಳು. ಮಗನಿಗೆ ಅನಿಸಿತು, ತಲೆ ಸುತ್ತುತ್ತಿರಬೇಕು ಅಂತ. ಕೈ ಹಿಡಿದು ಮೇಲೆ ಕರೆದುಕೊಂಡು ಹೋದ.

*

ಬ್ಯಾಂಡ್ ತಾತ ಒಂದು ಕಾಲದಲ್ಲಿ ಮೆರವಣಿಗೆಗಳಲ್ಲಿ ತುತ್ತೂರಿ ಊದುತ್ತಿದ್ದವನು. ಮುಂದಿನ ಹಲ್ಲು ಹೋದ ಮೇಲೆ ತುತ್ತೂರಿ ಮೂಲೆ ಸೇರಿತು. ಆದರೆ ಹೊಂಬಣ್ಣದ ಗುಂಡಿಗಳಿದ್ದ ಅವನ ಕೆಂಪು ಕೋಟು ಮಾತ್ರ ವಾರ ತಪ್ಪದೆ ಇಸ್ತ್ರಿಗೆ ಬರುತ್ತಿತ್ತು. ಹಾಕಿಕೊಳ್ಳದ ಕೋಟಿಗೆ ಸುಕ್ಕು ಎಲ್ಲಿಂದ ಬರುತ್ತದೆ ಎಂದು ಅಜ್ಜಿ ಒಂದು ದಿನವೂ ಕೇಳಿರಲಿಲ್ಲ. ಕೇಳುತ್ತಿದ್ದದ್ದು ಬೇರೆ: ತೋಳಿಗೆ ಗೆರೆ ಬೇಕೋ ಬೇಡವೋ. ಬೇಕು ಅಂತ ಅವನು, ಕೋಟಿನ ತೋಳಿಗೆ ಗೆರೆ ಎಳೆದರೆ ಮರ್ಯಾದೆ ಹೋಗುತ್ತದೆ ಅಂತ ಇವಳು. ಅಜ್ಜಿಯ ಗಂಡ ಬದುಕಿದ್ದಾಗ ಶುರುವಾದ ಜಗಳ. ತೀರ್ಪು ಇನ್ನೂ ಬಂದಿರಲಿಲ್ಲ.

ನಿಷೇಧ ಬಂದ ಮೇಲೂ ತಾತ ವಾರಕ್ಕೊಮ್ಮೆ ಬಂದು, ಎದುರಿನ ಲಾಡ್ಜಿನ ಗೋಡೆಗೆ ಒರಗಿ, ಚೀಲ ತಬ್ಬಿಕೊಂಡು ಮಹಡಿಯ ಕಿಟಕಿ ನೋಡಿ ಹೋಗುತ್ತಿದ್ದ. ಕಾಲೇಜಿನಿಂದ ಬರುವಾಗ ಪಿಕ್ಚರ್ ಅದನ್ನು ನೋಡಿದ್ದಳು. ಒಂದು ಗುರುವಾರ ಅಮ್ಮ ಅಂಗಡಿಯಲ್ಲಿದ್ದಾಗ, ಅಪ್ಪ ಬೆಳಗಿನ ಪಾಳಿ ಮುಗಿಸಿ ಒಳಗೆ ಗೊರಕೆ ಹೊಡೆಯುತ್ತಿದ್ದಾಗ, ಅವಳು ರಸ್ತೆ ದಾಟಿದಳು.

"ತಾತಾ, ಹೀರೋ ಎಂಟ್ರಿ ಕೊಡೋ ಟೈಮ್ ಬಂತು. ಚಪ್ಪಲಿ ಕೈಯಲ್ಲಿ ಹಿಡ್ಕೋ. ಮೇಲೆ ವಿಲನ್ ಮಲಗಿದ್ದಾನೆ."

"ವಿಲನ್ ಯಾರಮ್ಮಾ?"

"ನಮ್ಮಪ್ಪ. ಒಳ್ಳೆಯವನೇ, ಕಥೆ ಅವನಿಗೆ ಅರ್ಥ ಆಗಿಲ್ಲ."

ತಾತ ಬರಿಗಾಲಲ್ಲಿ ಬೆಕ್ಕಿನ ಹಾಗೆ ಮೆಟ್ಟಿಲು ಹತ್ತಿದ. ಮಂಡಿ ಮಾತ್ರ ಪ್ರತಿ ಮೆಟ್ಟಿಲಿಗೂ ಲಟಕ್ ಅನ್ನುತ್ತಿತ್ತು. ಚಪ್ಪಲಿಯನ್ನು ಬಾಗಿಲಲ್ಲಿಟ್ಟು ಒಳಗೆ ಬಂದ. ಅಜ್ಜಿ ಅವನನ್ನು ನೋಡಿದಳು. ಹೇಗಿದ್ದೀಯಾ ಅಂತ ಅವನೂ ಕೇಳಲಿಲ್ಲ, ಬಾ ಅಂತ ಇವಳೂ ಹೇಳಲಿಲ್ಲ. ಅವನು ಚೀಲದಿಂದ ಕೋಟು ತೆಗೆದು ಹರಡಿದ. ಎಡತೋಳಿನ ಮೇಲೆ ಕಂದು ಬಣ್ಣದ ದೊಡ್ಡ ಗುರುತು. ದೋಣಿಯ ಆಕಾರ.

"ಅಯ್ಯೋ ನಿನ್ನ ಕೈ ಸೇದಿ ಹೋಗ! ಏನೋ ಇದು?" ಅಜ್ಜಿ ಪಿಸುದನಿಯಲ್ಲೇ ಕಿರುಚಿದಳು.

"ನಾನೇ ಇಸ್ತ್ರಿ ಮಾಡ್ಕೊಂಡೆ."

"ಇದನ್ನ ಇಸ್ತ್ರಿ ಅಂತಾರಾ? ದನಕ್ಕೂ ಹಿಂಗೆ ಬರೆ ಹಾಕಲ್ಲ!"

"ಮತ್ತೇನು ಮಾಡ್ಲಿ? ನೀನು ಮಹಾರಾಣಿ ಥರ ಮೇಲೆ ಹತ್ತಿ ಕೂತಿದೀಯ."

"ಕೂತಿದೀನಾ? ಕೂಡಿಸಿದಾರೆ ಕಣೋ! ಅದೂ ಹೋಗ್ಲಿ, ಗೆರೆ ಎಳೆಯೋಕೆ ಹೋಗಿದ್ಯಾ ತೋಳಿಗೆ? ನಿಜ ಹೇಳು!"

ತಾತ ತೋಳನ್ನು ಮಡಚಿ ಗುರುತು ಮುಚ್ಚಿದ. ಅಜ್ಜಿ ಗೆದ್ದ ಮುಖ ಮಾಡಿದಳು. ಆಮೇಲೆ ಅವನು ಕೋಟಿನ ಗುಂಡಿಯೊಂದನ್ನು ಉಜ್ಜುತ್ತಾ, ಅವಳ ಕಡೆ ನೋಡದೆ ಹೇಳಿದ: "ಈ ವಾರ ನಾನು ಮಾತಾಡಿದ್ದು ಹಾಲಿನವನೊಬ್ಬನ ಹತ್ರಾನೇ. ಅವನು 'ಅರ್ಧ ಲೀಟರಾ?' ಅಂದ, ನಾನು 'ಹೂಂ' ಅಂದೆ. ಬಾಯಿಗೆ ತುಕ್ಕು ಹಿಡೀತಾ ಇದೆ ಕಣೆ."

ಅಜ್ಜಿ ಸೂಜಿ ದಾರ ತರಲು ಮೊಮ್ಮಗಳಿಗೆ ಹೇಳಿ, ಕೋಟನ್ನು ತೊಡೆಯ ಮೇಲೆ ಎಳೆದುಕೊಂಡಳು. ಒಳಮಡಿಕೆಯಿಂದ ಕೆಂಪು ಬಟ್ಟೆಯ ಚೂರು ಕತ್ತರಿಸಿ, ಸುಟ್ಟ ಜಾಗಕ್ಕೆ ಕೂರಿಸಿ ಹೊಲಿಯತೊಡಗಿದಳು. ಕಣ್ಣು ಬಟ್ಟೆಯ ಮೇಲೆ ಇಳಿಯಿತು. ಆಗ ಅವಳ ಬಾಯಿಂದಲೂ ಮಾತು ಇಳಿಯತೊಡಗಿತು.

"ಇವರು ಏನೋ ಮುಚ್ಚಿಡ್ತಾ ಇದಾರೆ ಕಣೋ. ದಿನಾ ಬೆಳಿಗ್ಗೆ ನನ್ನ ತೋಳು ನೋಡಿ ಮುಖ ಸಣ್ಣ ಮಾಡ್ತಾರೆ. ಯಾರೂ ಜೋರಾಗಿ ಮಾತಾಡಲ್ಲ. ನಾನು ಹೋಗೋ ಹೊತ್ತು ಬಂದಿದೆಯೇನೋ. ಹೋಗೋಕೆ ಹೆದರಿಕೆ ಇಲ್ಲ. ಆದ್ರೆ ಹಿಂಗೆ ಗೋಡೆ ನೋಡ್ಕೊಂಡು..."

"ಹೂಂ. ಆಮೇಲೆ?" ಎಂದ ತಾತ.

ಪಿಕ್ಚರ್ ಬಾಗಿಲಿಗೆ ಒರಗಿ ನಿಂತಿದ್ದಳು. ಒಂದೂ ಡೈಲಾಗು ನೆನಪಾಗಲಿಲ್ಲ.

ಅಜ್ಜಿ ಹೇಳುತ್ತಾ ಹೋದಳು, ತಾತ ಹೂಂಗುಟ್ಟುತ್ತಾ ಹೋದ. ಹೂಂಗಳು ಉದ್ದವಾದವು, ಆಮೇಲೆ ಗೊರಕೆಯಾದವು. ಮಗನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ಅವನನ್ನು ನೋಡಿ ಅಜ್ಜಿ "ಇವನ ಬಾಯಿಗೆ ತುಕ್ಕಂತೆ" ಎಂದು ಗೊಣಗಿ ಹೊಲಿಗೆ ಮುಗಿಸಿದಳು. ಸೂಜಿ ಚುಚ್ಚಿಟ್ಟು, ಕೋಟಿನ ಮೇಲೆ ಕೈಯಿಟ್ಟುಕೊಂಡು ಹಾಗೇ ಒರಗಿದಳು. ಮನೆಯಲ್ಲಿ ಎರಡು ಗೊರಕೆ ಜುಗಲ್‌ಬಂದಿ ನಡೆಸಿದ್ದವು. ಪಿಕ್ಚರಿಗೆ ಏನನಿಸಿತೋ, ಕಾಮೆಂಟರಿ ಇಲ್ಲದೆ ಬಂದು ಅಜ್ಜಿಯ ತೋಳಿಗೆ ಪಟ್ಟಿ ಸುತ್ತಿದಳು. ಅಜ್ಜಿ ಕಣ್ಣೂ ಬಿಡಲಿಲ್ಲ.

ಸಂಖ್ಯೆ ನೋಡಿದಳು. ಯಂತ್ರವನ್ನು ತಟ್ಟಿದಳು. ಮತ್ತೆ ನೋಡಿದಳು. ಅದೇ.

"ಅಪ್ಪಾ!" ಎಂದು ಕಿರುಚಿದ ಕಿರುಚಿಗೆ ಅಪ್ಪ ಬನಿಯನ್ನಿನಲ್ಲೇ ಓಡಿ ಬಂದ. ಅವನಿಗೆ ಮೊದಲು ಕಂಡದ್ದು ತನ್ನ ಕುರ್ಚಿಯಲ್ಲಿ ಬೆಚ್ಚಿಬಿದ್ದು ಎದ್ದ ಬ್ಯಾಂಡ್ ತಾತ.

"ಯಾರು ಒಳಗೆ ಬಿಟ್ಟಿದ್ದು ಇವರನ್ನ?"

"ನಾನೇ ಬಿಟ್ಟಿದ್ದು! ಮೊದಲು ಇಲ್ಲಿ ನೋಡು. ನಾವೆಲ್ಲ ಸುತ್ತ ನಿಂತು ನೋಡಿದ್ರೆ ಏರುತ್ತೆ, ಇವರಿಬ್ಬರೇ ಕೂತ್ರೆ ಇಳಿಯುತ್ತೆ. ಅಪ್ಪಾ, ಟೆನ್ಷನ್ನು ಬ್ಯಾಂಡ್ ತಾತ ಅಲ್ಲ. ನಾವು!"

"ಮಷಿನ್ನೇ ಕೆಟ್ಟಿರಬೇಕು."

"ಜಾಸ್ತಿ ತೋರಿಸಿದಾಗ ಕೆಟ್ಟಿರಲಿಲ್ಲ, ಕಡಿಮೆ ತೋರಿಸಿದ ತಕ್ಷಣ ಕೆಟ್ಟುಹೋಯ್ತಾ?"

ಅಷ್ಟು ಹೊತ್ತಿಗೆ ಸೊಸೆ ಬಂದಳು. ಬಾಗಿಲಲ್ಲಿ ಅಪರಿಚಿತ ಚಪ್ಪಲಿ, ಒಳಗೆ ಕೂಗಾಟ. ಆಮೇಲೆ ನಡೆದದ್ದು ಹಳೆಯ ಶೈಲಿಯ, ಪೂರ್ತಿ ಧ್ವನಿ ಇರುವ ಜಗಳ. ಸೊಸೆ ಮಗಳಿಗೆ ಬೈದಳು, ಮಗಳು ಅಪ್ಪನಿಗೆ ಬೈದಳು, ಅಪ್ಪ ತಾತನಿಗೆ ಬೈಯಲು ಹೋಗಿ ಹಿರಿಯರೆಂದು ನೆನಪಾಗಿ ಫ್ಯಾನಿಗೆ ಬೈದ. ಅಡುಗೆಮನೆಯಲ್ಲಿ ಒಂದು ಪಾತ್ರೆ ಬಿತ್ತು, ಯಾರೂ ಮುಟ್ಟದೆಯೇ. ಅಜ್ಜಿ ಎಲ್ಲರ ನಡುವೆ ಕೂತು ಒಬ್ಬೊಬ್ಬರ ಮುಖ ನೋಡುತ್ತಿದ್ದಳು.

"ಹಂಗಾದ್ರೆ ನಂಗೆ ಬೇರೆ ರೋಗ ಏನೂ ಇಲ್ವಾ?" ಎಂದು ಕೇಳಿದಳು.



"ಬೀಪಿ ಅಷ್ಟೇ ಅಮ್ಮ," ಎಂದ ಮಗ. "ಬೇರೆ ಏನು ಅಂದ್ಕೊಂಡೆ?"

"ನೀವು ಪಿಸುಪಿಸು ಅಂತಿದ್ರಲ್ಲಪ್ಪ. ನಾನು ಸಾಯ್ತಾ ಇದೀನಿ ಅಂದ್ಕೊಂಡಿದ್ದೆ."

ಮಗ ಬಂದು ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತ.

*

ಮೂರನೇ ಸಲದ ಪರೀಕ್ಷೆಗೆ ಡಾಕ್ಟರಮ್ಮ ಎಲ್ಲರನ್ನೂ ಹೊರಗೆ ಕಳಿಸಿದರು. ಅಜ್ಜಿಯನ್ನು ಸುಮ್ಮನೆ ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದರು. ಆಮೇಲೆ ಮನೆಯವರನ್ನು ಒಳಗೆ ಕರೆದು ಮನೆಯ ಪ್ರದರ್ಶನದ ಕಥೆ ಕೇಳಿ, ನಗಬಾರದು ಅಂದುಕೊಂಡೂ ನಕ್ಕರು.

"ಇನ್ನೂ ಸ್ವಲ್ಪ ಮೇಲೇ ಇದೆ. ಮಾತ್ರೆ ಬಿಡೋ ಹಾಗಿಲ್ಲ, ಉಪ್ಪು ಕಡಿಮೆನೇ ಇರಲಿ. ಆದ್ರೆ ಹೋದ ಸಲಕ್ಕಿಂತ ಇಳಿದಿದೆ. ಮನೇಲಿ ನೋಡುವಾಗ ಸುತ್ತ ನಿಂತ್ಕೋಬೇಡಿ. ನಾನು ಟೆನ್ಷನ್ ಬೇಡ ಅಂದಿದ್ದೆ, ಜನಾನೇ ಬೇಡ ಅಂದಿರಲಿಲ್ಲ. ಒಂಟಿಯಾಗಿ ಕೂತ್ರೆ ಇವರ ವಯಸ್ಸಿನವರಿಗೆ ಅದೇ ಕಾಯಿಲೆ."

"ಇಸ್ತ್ರಿ?" ಎಂದಳು ಪಿಕ್ಚರ್, ಎಲ್ಲರಿಗಿಂತ ಮೊದಲು.

"ಕೆಂಡದ ಮುಂದೆ ಇಡೀ ದಿನ ನಿಲ್ಲೋದು ಬೇಡವೇ ಬೇಡ. ಕೂತ್ಕೊಂಡು, ತಂಪು ಹೊತ್ತಲ್ಲಿ ಸ್ವಲ್ಪ ಮಾಡಿದ್ರೆ ನನ್ನದೇನೂ ಅಡ್ಡಿ ಇಲ್ಲ. ಮನೆಯವರು ಯೋಚನೆ ಮಾಡಿ."

ಮನೆಯವರು ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಸೊಸೆಯ ಕಡೆ ನೋಡಿದರು.

"ಬ್ಯಾಂಡ್ ತಾತ ಬರಲಿ, ದಿನಾ ಬರಲಿ," ಎಂದಳು ಸೊಸೆ. "ಮೇಜು ಬೇಡ. ಭಾನುವಾರ ಅದು ಹೋಗ್ಲಿ."

"ಅಮ್ಮಾ, ಕ್ಲೈಮ್ಯಾಕ್ಸಲ್ಲಿ ಹಿಂಗೆ ಮಾಡಿದ್ರೆ..."

"ಬೇಡ ಅಂದ್ರೆ ಬೇಡ!"

ಮಗ ಹೆಂಡತಿಯ ಜೊತೆ ಎರಡು ರಾತ್ರಿ ವಾದ ಮಾಡಿದ, ಜೋರಾಗಿಯೇ. ಅವಳು ಜಗ್ಗಲಿಲ್ಲ. ಯಾಕೆ ಅಂತಲೂ ಹೇಳಲಿಲ್ಲ. ಅಜ್ಜಿ ಮಾತ್ರ ಅವಳ ಹತ್ತಿರ ವಾದಕ್ಕೆ ಹೋಗಲಿಲ್ಲ. ಮಾತ್ರೆ ಕೊಡುವಾಗ ಈ ಹುಡುಗಿ ಇವತ್ತಿಗೂ ಮೂರು ಮೂರು ಸಲ ಎಣಿಸುವುದನ್ನು ಅವಳು ದಿನಾ ನೋಡುತ್ತಿದ್ದಳು.

*

ಭಾನುವಾರ ಗುಜರಿಯವನು ತಳ್ಳುಗಾಡಿಯ ಜೊತೆ ಬಂದ. ದಪ್ಪ ಮೀಸೆ, ಎರಡು ಗುಂಡಿ ಇಲ್ಲದ ಅಂಗಿ. ಮೇಜಿನ ಕಾಲುಗಳನ್ನು ಅಲ್ಲಾಡಿಸಿ ನೋಡಿ "ಗಟ್ಟಿ ಮರ" ಎಂದ. ಮೇಜಿನ ಮೇಲೆ ಹಳೆಯ ಕಂಬಳಿಗಳು ಪದರ ಪದರವಾಗಿ ಕೂತಿದ್ದವು, ಒಂದು ಸವೆದಾಗ ಅದರ ಮೇಲೆ ಇನ್ನೊಂದು. ಬ್ಯಾಂಡ್ ತಾತ ಪಕ್ಕದಲ್ಲಿ ಕೋಟಿನ ಚೀಲ ಹಿಡಿದು, ಅಂತ್ಯಕ್ರಿಯೆಗೆ ಬಂದವನ ಹಾಗೆ ನಿಂತಿದ್ದ. ಅಜ್ಜಿ ಮಗನ ಕೈ ಹಿಡಿದು ಮೆಟ್ಟಿಲು ಇಳಿದಳು. ಹಿಂದೆ ಸೊಸೆ, ಬೀಪಿ ಯಂತ್ರ ಕಂಕುಳಲ್ಲಿ, ಕೈಚೀಲ ಹೆಗಲಲ್ಲಿ.

"ಒಂದು ಬಟ್ಟೆ," ಎಂದಳು ಅಜ್ಜಿ. "ಒಂದೇ ಒಂದು. ಆಮೇಲೆ ಎತ್ಕೊಂಡು ಹೋಗ್ಲಿ. ನಿನ್ನ ಕೋಟು ಕೊಡೇ. ನಾಳೆ ಅದನ್ನ ಹಾಕ್ಕೊಂಡು ಹೋದ್ರೆ ಔಷಧಿ ತಗೊಳ್ಳೋಕೆ ಬಂದವರು ನಿನಗೇ ಔಷಧಿ ಕೊಟ್ಟು ಹೋಗ್ತಾರೆ."

ಸೊಸೆ ನಿಂತಳು. ಕೊನೆಗೆ ಅವಳು ಕೈಚೀಲದಿಂದ ಕೀಲಿ ತೆಗೆದು ಮಗಳ ಕೈಗಿಟ್ಟಳು.

ಪಿಕ್ಚರ್ ಮೆಟ್ಟಿಲನ್ನು ಎರಡೆರಡಾಗಿ ಹಾರಿದಳು. ಬಿಳಿ ಕೋಟು ಮಹಡಿಯ ಕಿಟಕಿಯಿಂದ ಹಾರಿ ಬಂದು ತಾತನ ತಲೆಯ ಮೇಲೆ ಬಿತ್ತು. ಹಿಂದೆಯೇ ಸಣ್ಣ ಕರೆಂಟಿನ ಪೆಟ್ಟಿಗೆ ಉದ್ದ ವಯರಿನ ತುದಿಯಲ್ಲಿ ತೂಗಾಡುತ್ತಾ ಇಳಿಯಿತು. ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು ತೂಕ ನೋಡಿದಳು. "ಇದೇನು, ಇಲಿಮರಿ ಥರ ಇದೆ," ಎಂದಳು. ಮಗ ಸ್ಟೂಲು ತಂದಿಟ್ಟ. ಅಜ್ಜಿ ಕೂತು ಕೋಟನ್ನು ಹರಡಿದಳು, ನೀರು ಚಿಮುಕಿಸಿದಳು, ಕಾಲರಿನಿಂದ ಶುರು ಮಾಡಿದಳು.

ಸೊಸೆ ಎದುರಿಗೆ ನಿಂತಿದ್ದಳು, ಕಾವಲುಗಾರನ ಹಾಗೆ. ಅಜ್ಜಿ ಅವಳ ಕಡೆ ನೋಡಲಿಲ್ಲ. ಪೆಟ್ಟಿಗೆ ಹೋಯಿತು, ಬಂತು. ಒದ್ದೆ ಬಟ್ಟೆಯಿಂದ ಬೆಚ್ಚನೆಯ ಆವಿ ಎದ್ದಿತು.

"ನಮ್ಮಮ್ಮನೂ ಹಿಂಗೇ," ಎಂದಳು ಸೊಸೆ, ಇದ್ದಕ್ಕಿದ್ದ ಹಾಗೆ.

"ಹೂಂ," ಎಂದಳು ಅಜ್ಜಿ ಕಾಲರಿಗೆ.

"ತಲೆ ಸುತ್ತುತ್ತೆ ಅಂತಿದ್ಲು. ಕೂತ್ಕೋ ಅಂದ್ರೆ 'ಏನಾಗಲ್ಲ ಬಿಡೇ' ಅಂತಿದ್ಲು. ಯಾರದೋ ಮನೆ ನೆಲ ಒರೆಸ್ತಾ ಒರೆಸ್ತಾ ಹಾಗೇ ಹೋದ್ಲು. ಬಟ್ಟೆ ಕೈಯಲ್ಲೇ ಇತ್ತಂತೆ."

ಪೆಟ್ಟಿಗೆ ತೋಳಿನ ಮೇಲೆ ಬಂತು.

"ಆಮೇಲೆ?"

"ಆಮೇಲೆ ಜನ ಎಲ್ಲ ಬಂದು ಹೊಗಳಿದ್ರು. ಕೊನೇವರೆಗೂ ದುಡಿದ ಜೀವ, ಯಾರಿಗೂ ಭಾರ ಆಗಲಿಲ್ಲ ಅಂದ್ರು." ಸೊಸೆಯ ಧ್ವನಿ ಒಡೆಯಿತು. "ನನಗೆ ಆ ಹೊಗಳಿಕೆ ಬೇಡ ಅತ್ತೆ. ಭಾರ ಆಗಿ. ಪರವಾಗಿಲ್ಲ. ನನಗೆ ನೀವು ಬೇಕು."

ಮಗ ಬೇರೆ ಕಡೆ ತಿರುಗಿ ನಿಂತ. ಹೆಂಡತಿ ಇಷ್ಟು ವರ್ಷದಲ್ಲಿ ಈ ಮಾತನ್ನು ಅವನಿಗೂ ಹೇಳಿರಲಿಲ್ಲ. ಕಿಟಕಿಯಲ್ಲಿ ಪಿಕ್ಚರ್ ವಯರು ಹಿಡಿದು ಅಲ್ಲಾಡದೆ ನಿಂತಿದ್ದಳು.

ಅಜ್ಜಿ ತಲೆ ಎತ್ತಲಿಲ್ಲ. ಎತ್ತಿದರೆ ಮಾತು ನಿಂತುಹೋಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ತೋಳು ಆಗಲೇ ಗರಿಗರಿಯಾಗಿತ್ತು. ಅದರ ಮೇಲೇ ಮತ್ತೆ ಮತ್ತೆ ಪೆಟ್ಟಿಗೆ ಓಡಿಸುತ್ತಾ, ಸೊಸೆ ಅತ್ತು ಮುಗಿಸುವವರೆಗೂ ಅದೇ ತೋಳನ್ನು ಇಸ್ತ್ರಿ ಮಾಡಿದಳು.

"ಇನ್ಮೇಲೆ ತಲೆ ಸುತ್ತಿದ್ರೆ ಹೇಳ್ತೀನಿ," ಎಂದಳು ಆಮೇಲೆ. "ಏನಾಗಲ್ಲ ಬಿಡೇ ಅನ್ನಲ್ಲ. ಈ ಕೋಟಿನ ಮೇಲೆ ಆಣೆ."

ಸೊಸೆ ಮೂಗು ಒರೆಸಿಕೊಂಡಳು. ಬಂದು ಯಂತ್ರವನ್ನು ಮೇಜಿನ ಕೆಳಗಿನ ಹಲಗೆಯ ಮೇಲಿಟ್ಟಳು, ಪಕ್ಕದಲ್ಲಿ ಮಾತ್ರೆಯ ಪಟ್ಟಿ, ನೀರಿನ ಬಾಟಲಿ.

"ಬಿಸಿಲು ಏರೋವರೆಗೆ ಮಾತ್ರ," ಎಂದಳು. "ಕೂತ್ಕೊಂಡೇ. ಆ ಇದ್ದಿಲು ಪೆಟ್ಟಿಗೆ ಗುಜರಿಗೆ. ಗಂಟು ಎತ್ತೋದು ಬ್ಯಾಂಡ್ ತಾತ."

"ನಾನಾ?" ಎಂದ ತಾತ. "ನನ್ನ ಮಂಡಿ..."

"ಬಾಯಿ ಇಷ್ಟು ಗಟ್ಟಿ ಇದೆ, ಮಂಡಿಗೇನು?" ಎಂದಳು ಅಜ್ಜಿ.

"ಕೋಟಿಗೆ ಗೆರೆ ಹಾಕ್ತೀಯಾ ಹಂಗಾದ್ರೆ?"

"ನನ್ನ ಹೆಣದ ಮೇಲೆ!"

"ಅತ್ತೆ!" ಎಂದು ಸೊಸೆ ಗದರಿದಳು, ಬೀದಿಗೆಲ್ಲ ಕೇಳುವ ಹಾಗೆ.

ಗುಜರಿಯವನು ಕೆಮ್ಮಿದ. ಅವನು ಇದುವರೆಗೂ ಹಗ್ಗ ಕೈಯಲ್ಲಿ ಹಿಡಿದೇ ನಿಂತಿದ್ದ. ಮೀಸೆಯ ತುದಿ ಯಾಕೋ ಒದ್ದೆಯಾಗಿತ್ತು.

"ಅಮ್ಮಾ, ನಾನು ಮೇಜು ತಗೊಂಡು ಹೋಗ್ಲಾ, ಬೇಡ್ವಾ?"

ಸೊಸೆ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಸುಮ್ನೆ ನಿಂತಿದೀರಲ್ಲ," ಎಂದಳು. "ಅಂಗಿ ಬಿಚ್ಚಿ ಕೊಡಿ. ಮುಂದಿನ ಸರದಿ ನಿಮ್ದೇ."